ಮೂರು ದೇಶಗಳ ಸರೋವರದಲ್ಲಿ ಗಡಿ ದಾಟುವ ಫೋನು

ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ರೈನ್ ನದಿಯು ಬೋಡನ್ ಸರೋವರದ ದೊಡ್ಡ ಪಾತ್ರದಿಂದ ಹೊರಬೀಳುವ ಜಾಗದಲ್ಲಿ ಕಾನ್‌ಸ್ಟಾಂಜ್ ಎಂಬ ಪುಟ್ಟ ಊರಿದೆ. ಕಿರಿದಾದ ಕಲ್ಲುಹಾಸಿನ ಬೀದಿಗಳು, ಗೋಡೆಯ ಮೇಲೆ ಚಿತ್ರ ಬರೆಸಿಕೊಂಡ ಹಳೆಯ ಮನೆಗಳು, ಬಂದರಿನಲ್ಲಿ ಸಾಲುಗಟ್ಟಿ ನಿಂತ ಬಿಳಿ ಹಡಗುಗಳು. ಆಕಾಶ ತಿಳಿಯಾಗಿದ್ದ ದಿನ ನೀರಿನಾಚೆ ಆಲ್ಪ್ಸ್ ಪರ್ವತಗಳ ಹಿಮದ ಸಾಲು ಕಣ್ಣಿಗೆ ಬೀಳುತ್ತದೆ. ಬಂದರಿನ ಬಾಯಲ್ಲಿ 1993ರಲ್ಲಿ ನಿಲ್ಲಿಸಿದ ಒಂಬತ್ತು ಮೀಟರ್ ಎತ್ತರದ ‘ಇಂಪೀರಿಯಾ’ ಎಂಬ ಹೆಣ್ಣಿನ ಮೂರ್ತಿಯಿದೆ. ಅದು ನಿಂತಲ್ಲೇ ನಾಲ್ಕು ನಿಮಿಷಕ್ಕೊಂದು ಸುತ್ತು ಮೆಲ್ಲನೆ ತಿರುಗುತ್ತಿರುತ್ತದೆ.

ಊರಿನ ಉತ್ತರಕ್ಕೆ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. ಹೊರದೇಶಗಳ ವಿದ್ಯಾರ್ಥಿಗಳು ಇಲ್ಲಿ ಓದುತ್ತಾರೆ. ಭಾರತದಿಂದ ಬಂದವರೂ ಇದ್ದಾರೆ. ಮೊದಲ ಭಾನುವಾರ ಅವರೆಲ್ಲ ಮಾಡುವ ಕೆಲಸ ಒಂದೇ: ಸರೋವರದ ದಂಡೆಗೆ ಹೋಗಿ, ಫೋನು ಎತ್ತಿ ಹಿಡಿದು, ಊರಿನಲ್ಲಿರುವ ಅಪ್ಪ ಅಮ್ಮನಿಗೆ ನೀರನ್ನೂ ಬೆಟ್ಟವನ್ನೂ ತೋರಿಸುವುದು. ಆ ಸಂತೋಷಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು, ನಿಂತ ಜಾಗ ಯಾವ ದೇಶದ್ದು ಎಂಬುದಕ್ಕಿಂತ ಫೋನು ಯಾವ ದೇಶದಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆ. ಇವೆರಡೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಈ ಊರನ್ನು ನೋಡಲು ಬರುವವರು ಮೊದಲು ತಿಳಿಯಬೇಕಾದ ವಿಷಯವೇ ಇದು.

ಬೇಲಿ ಹೋಯಿತು, ಗಡಿ ಉಳಿಯಿತು

ಕಾನ್‌ಸ್ಟಾಂಜ್‌ನ ಹಳೆಯ ಪೇಟೆ ಇರುವುದು ರೈನ್ ನದಿಯ ದಕ್ಷಿಣ ದಡದಲ್ಲಿ. ಅದರ ಬೆನ್ನಿಗೇ ಅಂಟಿಕೊಂಡಿರುವ ಊರು ಸ್ವಿಟ್ಜರ್ಲೆಂಡಿನ ಕ್ರಾಯ್ಜ್‌ಲಿಂಗನ್. ಎರಡರ ನಡುವೆ ನದಿಯಿಲ್ಲ, ಬೆಟ್ಟವಿಲ್ಲ. ಒಂದು ಬೀದಿ ಮುಗಿಯುವಷ್ಟರಲ್ಲಿ ದೇಶ ಬದಲಾಗಿರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಊರುಗಳೆಲ್ಲ ಬಾಂಬ್ ಭಯದಿಂದ ರಾತ್ರಿ ದೀಪ ಆರಿಸುತ್ತಿದ್ದಾಗ ಕಾನ್‌ಸ್ಟಾಂಜ್ ಮಾತ್ರ ದೀಪ ಉರಿಸಿಕೊಂಡೇ ಇತ್ತಂತೆ. ಪಕ್ಕದ ತಟಸ್ಥ ದೇಶದ ಬೆಳಕಿನೊಡನೆ ತನ್ನ ಬೆಳಕನ್ನು ಬೆರೆಸಿಬಿಟ್ಟರೆ ಮೇಲಿಂದ ನೋಡುವ ವಿಮಾನಕ್ಕೆ ಯಾವುದು ಯಾರ ಊರೆಂದು ತಿಳಿಯುವುದಿಲ್ಲ ಎಂಬ ಉಪಾಯ. ಊರು ಉಳಿದುಕೊಂಡದ್ದು ಹೀಗೆ ಎಂದು ಇಲ್ಲಿನವರು ಇಂದಿಗೂ ಹೇಳುತ್ತಾರೆ. ನೆಲದ ಮೇಲೆ ಮಾತ್ರ ಆ ಕಾಲದಲ್ಲೇ ಎರಡು ಊರುಗಳ ನಡುವೆ ಬೇಲಿ ಎದ್ದಿತು.

ಸರೋವರದ ದಂಡೆಯ ಆ ಬೇಲಿಯನ್ನು ಕಿತ್ತದ್ದು 2006ರಲ್ಲಿ. ಮರುವರ್ಷ ಅದೇ ಗೆರೆಯ ಮೇಲೆ ಯೊಹಾನೆಸ್ ಡಾರ್ಫ್ಲಿಂಗರ್ ಎಂಬ ಕಲಾವಿದರ 22 ಎತ್ತರದ ಶಿಲ್ಪಗಳನ್ನು ನಿಲ್ಲಿಸಲಾಯಿತು. ‘ಕಲೆಯ ಗಡಿ’ ಎಂದೇ ಅದಕ್ಕೆ ಹೆಸರು. ಮಕ್ಕಳು ಒಂದು ಶಿಲ್ಪವನ್ನು ಸುತ್ತಿ ಬಂದರೆ ಎರಡು ದೇಶ ಸುತ್ತಿದ ಹಾಗೆ! 2020ರ ವಸಂತದಲ್ಲಿ ಕೊರೊನಾ ಕಾರಣದಿಂದ ಇಲ್ಲಿ ಮತ್ತೆ ಬೇಲಿ ಬಂತು. ಒಂದರ ಎದುರು ಇನ್ನೊಂದು, ನಡುವೆ ಎರಡು ಮೀಟರ್ ಅಂತರ. ಅತ್ತಿತ್ತ ಹಂಚಿಹೋದ ಮನೆಮಂದಿ, ಪ್ರೇಮಿಗಳು ಬೇಲಿಯ ಎರಡೂ ಬದಿಗೆ ಬಂದು ನಿಂತು ಮಾತಾಡಿದರು. ಮೇ ತಿಂಗಳಲ್ಲಿ ಆ ಬೇಲಿಯೂ ಹೋಯಿತು.

ಈಗ ಇಲ್ಲಿ ದಿನನಿತ್ಯದ ತಡೆಯಿಲ್ಲ. ಸ್ವಿಟ್ಜರ್ಲೆಂಡ್ 2008ರ ಡಿಸೆಂಬರಿನಿಂದ ಷೆಂಗೆನ್ ಒಪ್ಪಂದದ ವ್ಯಾಪ್ತಿಯಲ್ಲಿದೆ. ಆಗೀಗ ಪೊಲೀಸರು ಪಾಸ್‌ಪೋರ್ಟ್ ಕೇಳುವುದುಂಟು. ಅದು ಜೇಬಿನಲ್ಲಿದ್ದರೆ ಸಾಕು. ಆದರೆ ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯನಲ್ಲ. ಕಾಲಿಗೆ ಅಡ್ಡ ಬಾರದ ಈ ಗಡಿ ಹಣದ ಲೆಕ್ಕಕ್ಕೆ ಮಾತ್ರ ಸರಿಯಾಗಿ ಅಡ್ಡ ಬರುತ್ತದೆ. ಶನಿವಾರದ ಸಂಜೆ ಸ್ವಿಸ್ ಜನ ಕಾನ್‌ಸ್ಟಾಂಜ್‌ನ ಅಂಗಡಿಗಳಲ್ಲಿ ಸಾಮಾನು ಕೊಂಡು, ಜರ್ಮನಿಯ ತೆರಿಗೆ ವಾಪಸು ಪಡೆಯಲು ಚೀಟಿ ಹಿಡಿದು ಸುಂಕದ ಕಟ್ಟೆಯ ಮುಂದೆ ನಿಂತಿರುತ್ತಾರೆ. ಅದೇ ಗಡಿ ಫೋನಿನ ಬಿಲ್ಲಿನಲ್ಲೂ ಇದೆ. ಅಲ್ಲಿ ಕಟ್ಟೆ ಕಾಣುವುದಿಲ್ಲ, ಅಷ್ಟೇ.

ನೀರಿನ ಮೇಲೆ ಯಾರ ಗಡಿ?

ನೆಲದ ಮಾತು ಹೀಗಾದರೆ ನೀರಿನದು ಇನ್ನೂ ಸೋಜಿಗ. ಬೋಡನ್ ಸರೋವರ ಸುಮಾರು 63 ಕಿಲೋಮೀಟರ್ ಉದ್ದ, 536 ಚದರ ಕಿಲೋಮೀಟರ್ ವಿಸ್ತಾರ, ಅತ್ಯಂತ ಆಳದ ಕಡೆ 250 ಮೀಟರಿಗೂ ಹೆಚ್ಚು. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ಇದರ ದಡ ಹಂಚಿಕೊಂಡಿವೆ. ಆದರೆ ಸರೋವರದ ದೊಡ್ಡ ಭಾಗದಲ್ಲಿ ಗಡಿ ಎಲ್ಲಿದೆ ಎಂಬ ಬಗ್ಗೆ ಮೂರೂ ದೇಶಗಳು ಇಂದಿಗೂ ಒಪ್ಪಂದ ಮಾಡಿಕೊಂಡಿಲ್ಲ. ಗಡಿ ನಟ್ಟನಡುವೆ ಹಾಯುತ್ತದೆ ಎಂಬುದು ಸ್ವಿಟ್ಜರ್ಲೆಂಡಿನ ವಾದ. ನೀರು ಎಲ್ಲರಿಗೂ ಸೇರಿದ್ದು ಎಂಬುದು ಆಸ್ಟ್ರಿಯಾದ ನಿಲುವು. ಇಷ್ಟಿದ್ದರೂ ಜಗಳವಿಲ್ಲದೆ ಹಡಗು ಓಡುತ್ತವೆ, ಮೀನುಗಾರರು ಬಲೆ ಬೀಸುತ್ತಾರೆ.

ಕಾನ್‌ಸ್ಟಾಂಜ್‌ನಿಂದ ಎದುರು ದಡದ ಮೇರ್ಸ್‌ಬುರ್ಗ್‌ಗೆ 1928ರಿಂದ ಕಾರು ಸಾಗಿಸುವ ದೋಣಿಯಿದೆ. ಕಾಲು ಗಂಟೆಯ ಪ್ರಯಾಣ. ಎರಡೂ ದಡ ಜರ್ಮನಿಯದೇ. ಜರ್ಮನಿಯ ಫ್ರೀಡ್ರಿಕ್ಸ್‌ಹಾಫನ್‌ನಿಂದ ಸ್ವಿಟ್ಜರ್ಲೆಂಡಿನ ರೋಮಾನ್ಸ್‌ಹಾರ್ನ್‌ಗೆ ಹೋಗುವ ಹಡಗು ಮುಕ್ಕಾಲು ಗಂಟೆಯೊಳಗೆ ದೇಶ ದಾಟಿಸುತ್ತದೆ. ಬೇಸಿಗೆಯಲ್ಲಿ ಆಸ್ಟ್ರಿಯಾದ ಬ್ರೆಗೆಂಜ್‌ವರೆಗೂ ಹಡಗುಗಳಿವೆ. 1946ರಲ್ಲಿ ಆರಂಭವಾದ ಅಲ್ಲಿನ ಸಂಗೀತೋತ್ಸವಕ್ಕೆ ನೀರಿನ ಮೇಲೆಯೇ ರಂಗಮಂಚ ಕಟ್ಟುತ್ತಾರೆ. ಒಂದು ದಿನದ ವಿಹಾರದಲ್ಲಿ ಮೂರು ದೇಶ ನೋಡಿದೆ ಎನ್ನುವ ಸುಖ ಬೇರೆ ಕಡೆ ಇಷ್ಟು ಸುಲಭವಾಗಿ ಸಿಗದು.

ಈ ವಿಹಾರದ ಉದ್ದಕ್ಕೂ ಪ್ರಯಾಣಿಕನ ಜೇಬಿನಲ್ಲಿ ಫೋನು ಸುಮ್ಮನಿರುವುದಿಲ್ಲ.

ಫೋನಿಗೆ ಕಾಣುವ ದೇಶ

ಫೋನಿಗೆ ಭೂಪಟದ ಗೆರೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗೋಪುರಗಳು ಮಾತ್ರ. ಪ್ರತಿಯೊಂದು ಗೋಪುರವೂ ತನ್ನ ದೇಶದ ಮೂರಂಕಿಯ ಸಂಕೇತವನ್ನು ಸದಾ ಸಾರುತ್ತಿರುತ್ತದೆ: ಜರ್ಮನಿಗೆ 262, ಸ್ವಿಟ್ಜರ್ಲೆಂಡಿಗೆ 228, ಆಸ್ಟ್ರಿಯಾಕ್ಕೆ 232. ಸಿಮ್ ಕಾರ್ಡಿನೊಳಗಿನ ಗುರುತಿನ ಸಂಖ್ಯೆಯೂ ಅದರ ತವರಿನ ಇಂಥದೇ ಸಂಕೇತದಿಂದ ಆರಂಭವಾಗುತ್ತದೆ. ಭಾರತದ ಸಿಮ್ ಆದರೆ 404 ಅಥವಾ 405.

ತವರಿನ ಗೋಪುರ ಕೇಳಿಸುತ್ತಿರುವಷ್ಟು ಹೊತ್ತು ಫೋನು ಅದನ್ನೇ ಹಿಡಿದುಕೊಂಡಿರುತ್ತದೆ. ಅದು ಕೈತಪ್ಪಿದೊಡನೆ, ಸಿಮ್‌ನ ಕಂಪನಿಯೊಡನೆ ಒಪ್ಪಂದವಿರುವ ಬೇರೊಂದು ಜಾಲವನ್ನು ಹುಡುಕಿ ಸೇರಿಕೊಳ್ಳುತ್ತದೆ. ಇದೇ ರೋಮಿಂಗ್. ತವರಿನ ಗೋಪುರ ಮತ್ತೆ ಸಿಕ್ಕರೂ ತಕ್ಷಣ ಮರಳುವುದಿಲ್ಲ. ಆಗಾಗ ಹುಡುಕಿ ನೋಡಿ, ಸಿಕ್ಕಾಗ ಹಿಂತಿರುಗುತ್ತದೆ. ನೀರಿನ ಮೇಲೆ ಅಲೆಗಳನ್ನು ತಡೆಯಲು ಕಟ್ಟಡವಾಗಲಿ ಗುಡ್ಡವಾಗಲಿ ಇಲ್ಲ. ಆದ್ದರಿಂದ ಎದುರು ದಡದ ಗೋಪುರವೂ ಚೆನ್ನಾಗಿಯೇ ಕೇಳಿಸುತ್ತದೆ. ಹಳೆಯ ಪೇಟೆಯ ದಪ್ಪ ಗೋಡೆಯ ಮನೆಯೊಂದರೊಳಗೆ ಜರ್ಮನಿಯ ಅಲೆ ಕ್ಷೀಣವಾಗಿ, ಹಿಂಬದಿಯ ಸ್ವಿಸ್ ಗೋಪುರ ಬಲವಾಗಿದ್ದರೆ, ಜರ್ಮನಿಯಲ್ಲೇ ಕಾಫಿ ಕುಡಿಯುತ್ತ ಕುಳಿತ ವಿದ್ಯಾರ್ಥಿಯ ಫೋನು ಸ್ವಿಟ್ಜರ್ಲೆಂಡಿಗೆ ಹೋಗಿಬಿಡಬಹುದು.

ಅಪ್ಪ ಅಮ್ಮಂದಿರಿಗೆ ಈ ಅನುಭವ ಹೊಸದಲ್ಲ. ಭಾರತವನ್ನೇ 22 ದೂರವಾಣಿ ವಲಯಗಳಾಗಿ ವಿಂಗಡಿಸಿದ್ದರಿಂದ, ಕೆಲವು ವರ್ಷಗಳ ಹಿಂದೆ ರಾಜ್ಯದ ಗಡಿ ದಾಟಿದರೆ ಬಂದ ಕರೆಗೂ ಹಣ ಕೊಡಬೇಕಿತ್ತು. ಅತ್ತಿಬೆಲೆ ದಾಟಿ ಹೊಸೂರು ಸೇರಿದವರು, ತಲಪಾಡಿ ದಾಟಿ ಕಾಸರಗೋಡಿನ ಹಾದಿ ಹಿಡಿದವರು ಫೋನು ಎತ್ತುವ ಮೊದಲು ಯೋಚಿಸುತ್ತಿದ್ದರು. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ಆ ಶುಲ್ಕವನ್ನು ಕೈಬಿಟ್ಟವು. ಕಾಕತಾಳೀಯವೆಂಬಂತೆ ಅದೇ ವರ್ಷದ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೂ ಹೆಚ್ಚುವರಿ ರೋಮಿಂಗ್ ಶುಲ್ಕ ರದ್ದಾಯಿತು. 2022ರ ನಿಯಮ ಈ ಸೌಲಭ್ಯವನ್ನು 2032ರವರೆಗೆ ವಿಸ್ತರಿಸಿದೆ. ಹಾಗಾಗಿ ಜರ್ಮನಿಯ ಸಿಮ್ ಇಟ್ಟುಕೊಂಡು ಆಸ್ಟ್ರಿಯಾದ ಬ್ರೆಗೆಂಜ್‌ನಲ್ಲಿ ನಿಶ್ಚಿಂತೆಯಿಂದ ಫೋನು ಬಳಸಬಹುದು. ಸ್ವಿಟ್ಜರ್ಲೆಂಡ್ ಮಾತ್ರ ಈ ಕಾನೂನಿನ ಹೊರಗಿದೆ. ಕೆಲವು ಕಂಪನಿಗಳು ತಾವಾಗಿಯೇ ತಮ್ಮ ಯೋಜನೆಗಳಲ್ಲಿ ಅದನ್ನೂ ಸೇರಿಸಿವೆ. ಎಲ್ಲವೂ ಸೇರಿಸಿಲ್ಲ, ಅದರಲ್ಲೂ ವಿದ್ಯಾರ್ಥಿಗಳು ಹುಡುಕುವ ಅಗ್ಗದ ಯೋಜನೆಗಳಲ್ಲಿ ಅದು ಇದ್ದೇ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ.

ಬ್ರೆಗೆಂಜ್‌ನಲ್ಲಿ ಬಳಸಲೆಂದು ‘ಡೇಟಾ ರೋಮಿಂಗ್’ ಗುಂಡಿ ಒತ್ತಿದ ವಿದ್ಯಾರ್ಥಿ ಅದನ್ನು ಮರೆತು ಸ್ವಿಸ್ ದಡದ ರೈಲು ಹಿಡಿದು ಹಿಂತಿರುಗಿದರೆ ಏನಾಗುತ್ತದೆ? ಗುಂಡಿ ದೇಶದೇಶಕ್ಕೆ ಬೇರೆಯಾಗಿ ಯೋಚಿಸುವುದಿಲ್ಲ. ಆಸ್ಟ್ರಿಯಾಕ್ಕೆ ತೆರೆದ ಬಾಗಿಲು ಸ್ವಿಟ್ಜರ್ಲೆಂಡಿಗೂ ತೆರೆದೇ ಇರುತ್ತದೆ.

ಕಾಣದ ಮೀಟರ್

ಎಸ್.ಟಿ.ಡಿ. ಬೂತಿನ ಕಾಲದಲ್ಲಿ ಮೀಟರಿನ ಕೆಂಪು ಅಂಕಿಗಳು ಕಣ್ಣೆದುರೇ ಓಡುತ್ತಿದ್ದವು. ಹಣ ಮುಗಿಯುತ್ತಿದೆ ಎಂದು ಕಂಡಾಗ ಮಾತು ಮೊಟಕಾಗುತ್ತಿತ್ತು. ಈಗಿನ ಮೀಟರ್ ಕಾಣುವುದಿಲ್ಲ. ಅಷ್ಟೇ ಅಲ್ಲ, ಯಾರೂ ಮಾತಾಡದಿದ್ದಾಗಲೂ ಅದು ಓಡುತ್ತಿರುತ್ತದೆ.

ಮದುವೆ ಮನೆಯ ವಿಡಿಯೊಗಳು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಬಂದು ತಾವಾಗಿಯೇ ಇಳಿದುಕೊಳ್ಳುತ್ತವೆ. ತೆಗೆದ ಫೋಟೊಗಳು ದೂರದ ಸಂಗ್ರಹಕ್ಕೆ ತಾವಾಗಿಯೇ ಏರುತ್ತವೆ. ಆ್ಯಪ್‌ಗಳು ಹೊಸ ಆವೃತ್ತಿ ತರಿಸಿಕೊಳ್ಳುತ್ತವೆ. ಇವೆಲ್ಲ ಜೇಬಿನೊಳಗೆ, ಸದ್ದಿಲ್ಲದೆ ನಡೆಯುವ ಕೆಲಸಗಳು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಯೋಜನೆಯ ಹೊರಗಿನ ಡೇಟಾಕ್ಕೆ ಎಂ.ಬಿ. ಲೆಕ್ಕದಲ್ಲಿ ಹಣ ಹಿಡಿಯುತ್ತಾರೆ. ಲೆಕ್ಕಕ್ಕೆಂದು ಒಂದು ಎಂ.ಬಿ.ಗೆ ಒಂದು ಯೂರೊ ಎಂದೇ ಇಟ್ಟುಕೊಳ್ಳಿ. ನಾಲ್ಕು ಎಂ.ಬಿ.ಯ ಹನ್ನೆರಡು ಫೋಟೊಗಳು ಮನೆಗೆ ಹೋದರೆ 48 ಯೂರೊ ಆಯಿತು.

ಐರೋಪ್ಯ ಒಕ್ಕೂಟದ ಕಂಪನಿಗಳಿಗೆ ಇಲ್ಲೊಂದು ಕಡಿವಾಣವಿದೆ. ಗ್ರಾಹಕ ಬೇರೆ ಮಿತಿ ಆರಿಸಿಕೊಳ್ಳದಿದ್ದರೆ, ತಿಂಗಳ ರೋಮಿಂಗ್ ಡೇಟಾದ ವೆಚ್ಚ ತೆರಿಗೆ ಬಿಟ್ಟು 50 ಯೂರೊ ತಲುಪಿದಾಗ ಡೇಟಾ ನಿಲ್ಲಿಸಬೇಕು. ಅದರ ಶೇಕಡ 80 ಮುಟ್ಟಿದಾಗ ಎಚ್ಚರಿಕೆ ಕಳುಹಿಸಬೇಕು. 2012ರ ಜುಲೈಯಿಂದ ಒಕ್ಕೂಟದ ಹೊರಗಿನ ದೇಶಗಳಿಗೂ ಈ ನಿಯಮ ಸಾಮಾನ್ಯವಾಗಿ ಅನ್ವಯಿಸುತ್ತದೆ. ಆದರೆ ಮಿತಿ ಮುಟ್ಟುವ ಮೊದಲು ಖರ್ಚಾದದ್ದು ಖರ್ಚಾದದ್ದೇ. ಎಚ್ಚರಿಕೆಯ ಸಂದೇಶ ನೋಡಿ ಫೋನು ಆರಿಸುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

50 ಯೂರೊ ದೊಡ್ಡ ಮೊತ್ತವೇ ಎಂದು ಕೇಳುವವರಿರಬಹುದು. ಜರ್ಮನಿಗೆ ಓದಲು ಹೋಗುವ ವಿದ್ಯಾರ್ಥಿ ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ಹಣವನ್ನು ಮುಂಚಿತವಾಗಿ ಬ್ಯಾಂಕಿನಲ್ಲಿ ಕಟ್ಟಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಲೆಕ್ಕದಂತೆ ಅದು 11,904 ಯೂರೊ. ತಿಂಗಳಿಗೆ ಕೈಗೆ ಸಿಗುವುದು 992 ಯೂರೊ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲ ಅದರಲ್ಲೇ. ಅಪ್ಪ ಸಾಲ ಮಾಡಿ ಕಟ್ಟಿದ ಆ ಹಣದಲ್ಲಿ, ಯಾರೂ ನೋಡದ ಒಂದಿಷ್ಟು ವಿಡಿಯೊಗಳಿಗಾಗಿ ತಿಂಗಳ ಇಪ್ಪತ್ತನೆಯ ಒಂದು ಭಾಗ ಹೋಗುವುದೆಂದರೆ ಸಣ್ಣ ಮಾತಲ್ಲ. ಭಾರತದ ಸಿಮ್‌ನಲ್ಲಿ ಬಿಲ್ಲು ಏರಿದರೆ ಅದು ನೇರವಾಗಿ ಊರಿನಲ್ಲಿರುವವರ ತಲೆಯ ಮೇಲೇ ಬರುತ್ತದೆ.

ಭಾರತದ ಸಿಮ್ ಏನು ಮಾಡಬೇಕು?

ಕಾನ್‌ಸ್ಟಾಂಜ್‌ಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಜ್ಯೂರಿಕ್. ಅಂದರೆ ಜರ್ಮನಿಯಲ್ಲಿ ಓದಲು ಹೊರಟವರು ಮೊದಲು ಇಳಿಯುವುದು ಸ್ವಿಟ್ಜರ್ಲೆಂಡಿನಲ್ಲಿ! ಊರಿನಲ್ಲಿ ‘ಜರ್ಮನಿ ಪ್ಯಾಕ್’ ಹಾಕಿಸಿಕೊಂಡು ಬಂದವರು ಇಲ್ಲೇ ಎಡವುತ್ತಾರೆ. ಪ್ಯಾಕಿನ ಪಟ್ಟಿಯಲ್ಲಿ ಎರಡೂ ದೇಶಗಳ ಹೆಸರಿದೆಯೇ, ವಿಮಾನ ಬದಲಿಸುವ ಊರಿನ ದೇಶವಿದೆಯೇ, ಒಂದು ದಿನವೆಂದರೆ 24 ಗಂಟೆಯೋ ಅಥವಾ ಮಧ್ಯರಾತ್ರಿಗೆ ಮುಗಿಯುವ ದಿನವೋ, ಅದು ಯಾವ ದೇಶದ ಮಧ್ಯರಾತ್ರಿ ಎಂಬುದನ್ನೆಲ್ಲ ಹೊರಡುವ ಮೊದಲೇ ಓದಿ ನೋಡಬೇಕು. ‘ಯುರೋಪ್’ ಎಂಬ ಹೆಸರಿನ ಇ–ಸಿಮ್ ಕೊಂಡರೂ ಇದೇ ಎಚ್ಚರ ಬೇಕು. ಹೆಸರು ಯುರೋಪಾದ ಮಾತ್ರಕ್ಕೆ ಸ್ವಿಟ್ಜರ್ಲೆಂಡ್ ಅದರಲ್ಲಿದೆ ಎಂದು ತಿಳಿಯಬಾರದು.

ಊರಿನ ಸಿಮ್ ತೆಗೆದು ಎಸೆಯುವಂತಿಲ್ಲ. ಬ್ಯಾಂಕಿನ ಒ.ಟಿ.ಪಿ. ಬರುವುದು ಅದಕ್ಕೇ. ವಿಮಾನ ನಿಲ್ದಾಣದ ಉಚಿತ ವೈ–ಫೈಗೂ ಎಷ್ಟೋ ಕಡೆ ಎಸ್ಸೆಮ್ಮೆಸ್ಸಿನಲ್ಲಿ ಬರುವ ಸಂಖ್ಯೆ ಬೇಕು. ಎರಡು ಸಿಮ್ ಇರುವ ಫೋನಿನಲ್ಲಿ ಊರಿನದನ್ನು ಸಂದೇಶಕ್ಕಷ್ಟೇ ಉಳಿಸಿ, ಅದರ ಡೇಟಾ ರೋಮಿಂಗ್ ಮುಚ್ಚಿ, ಡೇಟಾಕ್ಕೆ ಅಲ್ಲಿನ ಸಿಮ್ ಆರಿಸಿಕೊಳ್ಳುವುದು ಒಳ್ಳೆಯ ದಾರಿ. ಒಂದು ಸಿಮ್‌ನ ಅಲೆ ಕಡಿಮೆಯಾದಾಗ ಇನ್ನೊಂದಕ್ಕೆ ತಾನಾಗಿಯೇ ಹಾರುವ ಸೌಲಭ್ಯ ಹಲವು ಫೋನುಗಳಲ್ಲಿದೆ. ಅದನ್ನೂ ಮುಚ್ಚಿಡಬೇಕು. ಊರಿನ ಸಿಮ್‌ಗೆ ಬಂದ ಕರೆಯನ್ನು ಎತ್ತಿದರೆ ಪ್ಯಾಕ್ ಇಲ್ಲದವರಿಗೆ ಶುಲ್ಕ ಬೀಳುತ್ತದೆ ಎಂಬುದನ್ನು ಮನೆಯವರಿಗೆ ಮಾತ್ರವಲ್ಲ, ಚಿಕ್ಕಪ್ಪ ದೊಡ್ಡಮ್ಮಂದಿರಿಗೂ ಹೇಳಿರಬೇಕು.

ಕರೆ ಬಾರದಿದ್ದರೆ ಹೆದರಬೇಡಿ

ಇಷ್ಟೆಲ್ಲ ಎಚ್ಚರಿಕೆಯಲ್ಲಿ ಒಂದು ಮಾತು ಮರೆತುಹೋಗುತ್ತದೆ. ದುಬಾರಿ ಕರೆಗಳಲ್ಲಿ ಎಷ್ಟೋ ಹೆದರಿಕೆಯಿಂದ ಮಾಡಿದವು. ಮಗಳು ವಿಹಾರಕ್ಕೆ ಹೋದಳು, ಫೋನು ಸಿಗುತ್ತಿಲ್ಲ, ಊರಿನಲ್ಲಿ ರಾತ್ರಿಯಾಯಿತು. ತಾಯಿ ಹತ್ತು ಸಲ ಕರೆ ಮಾಡುತ್ತಾಳೆ. ಅದನ್ನು ಕಂಡು ಗಾಬರಿಯಾದ ಮಗಳು ಎಲ್ಲಿದ್ದಾಳೋ ಅಲ್ಲಿಂದಲೇ, ಯಾವ ಜಾಲವೆಂದೂ ನೋಡದೆ ವಿಡಿಯೊ ಕರೆ ಮಾಡುತ್ತಾಳೆ. ಲೆಕ್ಕ ಏರುವುದು ಅಲ್ಲಿ.

ದಾವಣಗೆರೆಯ ಮನೆಯೊಂದಕ್ಕೂ ಕಾನ್‌ಸ್ಟಾಂಜ್‌ನ ಬಂದರಿಗೂ ನಡುವೆ ನಡೆಯಬೇಕಾದ ಮಾತು ತೀರ ಸರಳ.

‘ಅಮ್ಮಾ, ಈಗ ಹಡಗು ಹತ್ತುತೀನಿ. ಡೇಟಾ ಆಫ್ ಮಾಡಿರ್ತೀನಿ. ರೂಮಿಗೆ ಬಂದ ಮೇಲೆ ನಾನೇ ಮಾಡ್ತೀನಿ.’

‘ಎಷ್ಟೊತ್ತಾಗುತ್ತೆ?’

‘ಇಲ್ಲಿ ಏಳು ಗಂಟೆ. ನಿಮಗೆ ರಾತ್ರಿ ಹತ್ತೂವರೆ. ಅಲ್ಲೀವರೆಗೂ ಮಾಡಬೇಡ, ಗಾಬರಿನೂ ಆಗಬೇಡ.’

ಇಷ್ಟು ಹೇಳಿ ಹೊರಟರೆ ಎರಡೂ ಕಡೆ ನೆಮ್ಮದಿ. ಅಲ್ಲಿನ ಬೇಸಿಗೆಯಲ್ಲಿ ಭಾರತದ ಗಡಿಯಾರ ಮೂರೂವರೆ ಗಂಟೆ ಮುಂದಿರುತ್ತದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿಡುವುದು ಒಳ್ಳೆಯದು. ತೀರ ಅಗತ್ಯ ಬಿದ್ದಾಗ ಶುಲ್ಕದ ಯೋಚನೆ ಬಿಟ್ಟು ಕರೆ ಮಾಡಬೇಕು ಎಂಬುದನ್ನೂ ಮಕ್ಕಳಿಗೆ ಅಷ್ಟೇ ಸ್ಪಷ್ಟವಾಗಿ ಹೇಳಿರಬೇಕು. ಉಳಿತಾಯ ಮಾಡುವುದು ಅಂಥ ಹೊತ್ತಿನಲ್ಲಿ ಕೈ ಕಟ್ಟಿಹೋಗದಿರಲಿ ಎಂದೇ.

ಹಡಗು ಹತ್ತುವ ಮುನ್ನ

ಸರೋವರದ ವಿಹಾರಕ್ಕೆ ಹೊರಡುವವರು ಕೋಣೆಯ ವೈ–ಫೈಯಲ್ಲೇ ಭೂಪಟ, ಟಿಕೆಟ್, ಹಡಗು ರೈಲುಗಳ ವೇಳಾಪಟ್ಟಿ ಇಳಿಸಿಕೊಳ್ಳಬೇಕು. ಇಳಿಸಿಕೊಂಡ ಭೂಪಟದ ಮೇಲೆ ತಾನೆಲ್ಲಿದ್ದೇನೆ ಎಂದು ತೋರಿಸಲು ಫೋನಿಗೆ ಡೇಟಾ ಬೇಕಿಲ್ಲ. ಉಪಗ್ರಹದ ಸಂಕೇತ ಸಾಕು, ಅದಕ್ಕೆ ಶುಲ್ಕವಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ವಿಡಿಯೊ ತಾನಾಗಿ ಇಳಿಯುವುದನ್ನು, ಫೋಟೊಗಳು ತಾವಾಗಿ ಸಂಗ್ರಹಕ್ಕೆ ಏರುವುದನ್ನು ವೈ–ಫೈಗೆ ಮಾತ್ರ ಸೀಮಿತಗೊಳಿಸಬೇಕು.

ಸ್ವಿಸ್ ದಡದ ಹತ್ತಿರ ಸುಳಿಯುವ ದಿನ ಡೇಟಾ ರೋಮಿಂಗ್ ಮುಚ್ಚಿದ್ದರೆ ಅರ್ಧ ಚಿಂತೆ ತೀರಿತು. ಕಾನ್‌ಸ್ಟಾಂಜ್‌ನ ಗಡಿಬದಿಯ ಬೀದಿಗಳಲ್ಲಿ ವಾಸಿಸುವವರು ಇನ್ನೊಂದು ಹೆಜ್ಜೆ ಇಡಬಹುದು. ಜಾಲವನ್ನು ‘ತಾನಾಗಿ ಆರಿಸು’ ಎಂಬುದರಿಂದ ಬಿಡಿಸಿ, ತಮ್ಮ ಜರ್ಮನ್ ಕಂಪನಿಯ ಹೆಸರನ್ನೇ ಕೈಯಿಂದ ಆರಿಸಿಟ್ಟರೆ ಫೋನು ಗಡಿಯಾಚೆ ಹೋಗುವುದಿಲ್ಲ. ಬೇರೆ ದೇಶಕ್ಕೆ ಹೋದಾಗ ಅದನ್ನು ಮತ್ತೆ ಬದಲಿಸಲು ಮರೆಯಬಾರದು, ಇಲ್ಲದಿದ್ದರೆ ಫೋನೇ ಸಿಗುವುದಿಲ್ಲ. ಏನೂ ತಿಳಿಯದಿದ್ದರೆ ಹಡಗಿನಲ್ಲಿ ‘ಏರೋಪ್ಲೇನ್ ಮೋಡ್’ ಒತ್ತಿಬಿಡುವುದು. ಫೋಟೊ ತೆಗೆಯಲು ಅದರಿಂದ ಅಡ್ಡಿಯಿಲ್ಲ. ವಿದ್ಯಾರ್ಥಿಗಳಿಗೆ ಇನ್ನೊಂದು ಅನುಕೂಲವುಂಟು: ‘ಎಜುರೋಮ್’ ಎಂಬ ವಿಶ್ವವಿದ್ಯಾಲಯಗಳ ವೈ–ಫೈ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಕಾನ್‌ಸ್ಟಾಂಜ್‌ನಲ್ಲಿ ಪಡೆದ ಗುರುತಿನಿಂದಲೇ ಜ್ಯೂರಿಕ್‌ನ ವಿಶ್ವವಿದ್ಯಾಲಯದ ಆವರಣದಲ್ಲೂ ಉಚಿತವಾಗಿ ಬಳಸಬಹುದು.

ಹೋಗುವುದು ಹೇಗೆ?

ಜ್ಯೂರಿಕ್ ವಿಮಾನ ನಿಲ್ದಾಣದಿಂದ ಕಾನ್‌ಸ್ಟಾಂಜ್‌ಗೆ ನೇರ ರೈಲಿದೆ, ಸುಮಾರು ಒಂದು ಗಂಟೆಯ ಹಾದಿ. ಸೇಬಿನ ತೋಟಗಳ ನಡುವೆ ಸಾಗಿ, ಕ್ರಾಯ್ಜ್‌ಲಿಂಗನ್ ದಾಟಿ, ರೈಲು ಕೊನೆಯ ನಿಲ್ದಾಣಕ್ಕೆ ಬರುತ್ತದೆ. ಹೊರಗೆ ಬಂದರೆ ಎದುರಿಗೇ ಬಂದರು, ಮೆಲ್ಲನೆ ತಿರುಗುವ ಇಂಪೀರಿಯಾ, ಆಚೆ ನೀರು. ಗಡಿ ಯಾವಾಗ ದಾಟಿತೆಂದು ರೈಲಿನಲ್ಲಿದ್ದವರಿಗೆ ತಿಳಿದಿರುವುದಿಲ್ಲ. ಫೋನಿನ ಪರದೆಯ ಮೂಲೆಯಲ್ಲಿ ಜಾಲದ ಹೆಸರು ಬದಲಾಗಿರುತ್ತದೆ. ಅದನ್ನೊಮ್ಮೆ ಓದಿಕೊಂಡು ಆಮೇಲೆ ಅಮ್ಮನಿಗೆ ಕರೆ ಮಾಡಿದರೆ, ಬೆಟ್ಟವನ್ನೂ ಸರೋವರವನ್ನೂ ಎಷ್ಟು ಹೊತ್ತು ಬೇಕಾದರೂ ತೋರಿಸಬಹುದು.